ಅಡುಗೆಮನೆಯ ಯಂತ್ರಗಳಲ್ಲಿ ಯಾವ ಕಿರಿಕಿರಿಗೆ ಕಾರಣವಿದೆ, ಯಾವುದಕ್ಕೆ ಇಲ್ಲ?

ಪ್ರಶ್ನೆ: ನಾಪೋಕ್ಲು ಹೋಂಸ್ಟೇ

ಕೊಡಗಿನ ನಾಪೋಕ್ಲಿನ ಬಳಿ ನಾವು ನಡೆಸುತ್ತಿರುವ ಸಣ್ಣ ಹೋಂಸ್ಟೇಯ ಅಡುಗೆಮನೆಯಲ್ಲಿ ಈ ಮಳೆಗಾಲ ಮುಗಿಯುತ್ತಿದ್ದಂತೆ ಕೆಲವು ಯಂತ್ರಗಳನ್ನು ಬದಲಾಯಿಸಬೇಕಾಗಿದೆ. ಯಾವ ಕಂಪನಿಯ ಸಾಮಾನು ಒಳ್ಳೆಯದು ಎಂದು ಕೇಳುವುದು ನನ್ನ ಉದ್ದೇಶವಲ್ಲ, ಆ ಚರ್ಚೆಗೆ ಕೊನೆಯೇ ಇರುವುದಿಲ್ಲ. ದಿನವೂ ಕೈಯಾಡಿಸುವ ವಸ್ತುಗಳನ್ನು ಇಷ್ಟು ತೊಂದರೆಯಾಗುವಂತೆ ಏಕೆ ರೂಪಿಸುತ್ತಾರೆ, ಆ ತೊಂದರೆಗಳಲ್ಲಿ ಯಾವುದಕ್ಕೆ ಸಕಾರಣವಿದೆ, ಯಾವುದು ಬರೀ ಅಂಗಡಿಯಲ್ಲಿ ಚೆಂದ ಕಾಣಲೆಂದು ಇದೆ ಎಂಬುದನ್ನು ತಿಳಿದವರು ಬಿಡಿಸಿ ಹೇಳಿದರೆ, ಕೊಳ್ಳುವಾಗ ಏನನ್ನು ನೋಡಬೇಕು, ಏನನ್ನು ಸಹಿಸಿಕೊಳ್ಳಬೇಕು ಎಂಬುದು ನನಗೆ ಸ್ಪಷ್ಟವಾಗುತ್ತದೆ.

ಮೊದಲು ಇಂಡಕ್ಷನ್ ಒಲೆ. ಅದರ ಮೇಲ್ಭಾಗ ಪೂರ್ತಿ ಗಾಜು, ಗುಂಡಿಗಳೆಲ್ಲ ಗಾಜಿನ ಮೇಲೆ ಬರೆದ ಚಿತ್ರಗಳು. ಕಡಂಬುಟ್ಟಿಗೆ, ಅಂದರೆ ಅಕ್ಕಿತರಿಯ ಕಡುಬಿಗೆ, ಉಂಡೆ ಕಟ್ಟುವ ಕೈ ಒದ್ದೆಯಾಗಿಯೇ ಇರುತ್ತದೆ. ಆ ಕೈಯಿಂದ ಮುಟ್ಟಿದರೆ ಒಂದೋ ಒಲೆ ಜಪ್ಪಯ್ಯ ಎನ್ನುವುದಿಲ್ಲ, ಇಲ್ಲವೇ ನಾನು ಮುಟ್ಟದ ಪಕ್ಕದ ಗುಂಡಿಯನ್ನು ಒತ್ತಿದಂತೆ ವರ್ತಿಸುತ್ತದೆ. ಗಂಜಿ ಉಕ್ಕಿ ಗಾಜಿನ ಅಂಚಿನವರೆಗೆ ಹರಿದರಂತೂ ಕೀ ಕೀ ಎಂದು ಕೂಗಿ ತಾನಾಗಿಯೇ ಆರಿಹೋಗುತ್ತದೆ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಯಾವುದೋ ಮರದ ಕೊಂಬೆ ತಂತಿಗೆ ತಾಗಿ ಕರೆಂಟು ಒಂದು ಕ್ಷಣ ಹೋಗಿ ಬಂದರೂ ಸಾಕು, ಒಲೆಗೆ ಹಿಂದಿನದು ಯಾವುದೂ ನೆನಪಿರುವುದಿಲ್ಲ. ಮತ್ತೆ ಆನ್ ಮಾಡಿ, ಅಡುಗೆಯ ಬಗೆಯನ್ನು ಆಯ್ದು, ಉರಿಯನ್ನು ಒಂದೊಂದೇ ಮೆಟ್ಟಿಲು ಏರಿಸಬೇಕು. ಅತಿಥಿಗಳಿಗೆ ತಿಂಡಿ ಕೊಡುವ ಹೊತ್ತಿನಲ್ಲಿ ಇದನ್ನೇ ಮತ್ತೆ ಮತ್ತೆ ಮಾಡುವುದು ಎಂಥ ಕಷ್ಟ ಎಂಬುದು ಕೊಡಗಿನವರಿಗೆ ಹೇಳಬೇಕಾಗಿಲ್ಲ.

ಗ್ಯಾಸ್ ಒಲೆಯ ಕಥೆ ಬೇರೆ. ನಮ್ಮದು ನಾಲ್ಕು ಬರ್ನರಿನ ಗಾಜಿನ ಒಲೆ, ಆದರೆ ಅದರ ಮೇಲೆ ನಾಲ್ಕು ಪಾತ್ರೆಗಳು ಒಟ್ಟಿಗೆ ಕೂರುವುದಿಲ್ಲ. ಪಂದಿಕರಿಯ (ಹಂದಿಮಾಂಸದ ಸಾರಿನ) ದೊಡ್ಡ ಪಾತ್ರೆಯನ್ನು ದೊಡ್ಡ ಬರ್ನರಿನ ಮೇಲಿಟ್ಟರೆ ಅದರ ಅಂಚು ಪಕ್ಕದ ಬರ್ನರನ್ನು ಅರ್ಧ ಮುಚ್ಚುತ್ತದೆ, ಮುಂದಕ್ಕೆ ಚಾಚಿದ ಭಾಗದ ಕೆಳಗಿನ ನಾಬ್‌ಗಳು ಕಾದು ಮಸಿಬಟ್ಟೆ ಹಿಡಿದೇ ತಿರುಗಿಸಬೇಕಾಗುತ್ತದೆ. ಯಾವ ನಾಬ್ ಯಾವ ಬರ್ನರಿನದು ಎಂಬುದು ನಮ್ಮ ಅಡುಗೆಯವರಿಗೆ ಇಂದಿಗೂ ರೂಢಿಯಾಗಿಲ್ಲ. ಇದರ ಜೊತೆಗೆ ಬಹಳ ಕಾಲದಿಂದ ಇರುವ ಒಂದು ಸಂದೇಹವಿದೆ. ನಾಬನ್ನು ತಿರುಗಿಸಿದ ಕೂಡಲೇ ಮೊದಲು ಬರುವುದು ದೊಡ್ಡ ಉರಿ, ಸಿಮ್ ಇರುವುದು ಅದರ ಆಚೆ. ಸಣ್ಣ ಉರಿ ಬೇಕಾದವರು ದೊಡ್ಡದನ್ನು ದಾಟಿಯೇ ಹೋಗಬೇಕೆಂಬ ಈ ಕ್ರಮ ತಲೆಕೆಳಗಲ್ಲವೆ?

ಮಿಕ್ಸಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಸಾಲೆ ಸ್ವಲ್ಪ ಗಟ್ಟಿಯಾದರೆ ಜಾರಿನ ಕೆಳಗೆ ಬ್ಲೇಡನ್ನು ಮೋಟಾರಿಗೆ ಜೋಡಿಸುವ ಕಪ್ಲರ್ ಹಲ್ಲು ಮುರಿದುಕೊಳ್ಳುತ್ತದೆ, ಒಂದು ಕಂಪನಿಯದು ಇನ್ನೊಂದಕ್ಕೆ ಹೊಂದುವುದಿಲ್ಲ, ಬೇಕಾದಾಗ ಸಿಗುವುದೂ ಇಲ್ಲ.

ಉತ್ತರ: ಕುಶಾಲನಗರ ರಿಪೇರಿ

ನಮಸ್ಕಾರ. ನಮ್ಮ ಅಂಗಡಿಗೆ ಬರುವ ಯಂತ್ರಗಳನ್ನು ಬಿಚ್ಚಿ ನೋಡಿದ್ದರ ಆಧಾರದ ಮೇಲೆ ಉತ್ತರಿಸುತ್ತೇನೆ. ತಾವು ಹೇಳಿದ ತೊಂದರೆಗಳು ಕಾರಣವಿರುವವು, ಇಲ್ಲದವು ಎಂದು ಎರಡು ಬಗೆಯವು, ಅವುಗಳನ್ನು ಬೇರ್ಪಡಿಸಿ ನೋಡಬೇಕು.

ಇಂಡಕ್ಷನ್ ಒಲೆಯ ಗಾಜಿನ ಕೆಳಗೆ, ಪ್ರತಿಯೊಂದು ಗುಂಡಿಯ ಚಿತ್ರದ ನೇರಕ್ಕೆ, ಒಂದು ಸಣ್ಣ ಲೋಹದ ಸ್ಪ್ರಿಂಗ್ ಅಥವಾ ಸರ್ಕ್ಯೂಟ್ ಬೋರ್ಡಿನ ಮೇಲೇ ಅಚ್ಚಾದ ತಾಮ್ರದ ತುಣುಕು ಇರುತ್ತದೆ. ಬೆರಳು ಹತ್ತಿರ ಬಂದಾಗ ಅಲ್ಲಿನ ವಿದ್ಯುತ್ ಧಾರಕತೆ, ಅಂದರೆ ವಿದ್ಯುದಾವೇಶವನ್ನು ಹಿಡಿದಿಡುವ ಶಕ್ತಿ, ಸ್ವಲ್ಪ ಬದಲಾಗುತ್ತದೆ, ಆ ಬದಲಾವಣೆಯನ್ನೇ ಯಂತ್ರ ಒತ್ತಿದಂತೆ ಎಣಿಸುತ್ತದೆ. ನೀರಿನ ತೆಳುಪದರವೂ ಅದೇ ಬದಲಾವಣೆಯನ್ನು ಉಂಟುಮಾಡುವುದರಿಂದ ಬೆರಳು ಯಾವುದು, ಗಂಜಿ ಯಾವುದು ಎಂಬುದು ಅದಕ್ಕೆ ತಿಳಿಯುವುದಿಲ್ಲ. ಗಂಜಿ ಹರಿದಾಗ ಕೂಗಿ ಆರಿಹೋಗುವುದನ್ನು ನಾನು ತಪ್ಪೆನ್ನುವುದಿಲ್ಲ, ಏಕೆಂದರೆ ಎಲ್ಲ ಗುಂಡಿಗಳೂ ಒಟ್ಟಿಗೆ ಒತ್ತಿದಂತಾದಾಗ ನಿಂತುಬಿಡುವುದೇ ಸುರಕ್ಷಿತ. ಆದರೆ ಅಡುಗೆ ಮಾಡುವ ಕೈ ಒದ್ದೆಯಾಗಿರುತ್ತದೆ ಎಂಬುದು ಯಾರಿಗೂ ಗೊತ್ತಿಲ್ಲದ ಸಂಗತಿಯೇನಲ್ಲ. ಹಾಗಿದ್ದೂ ಈ ಬಗೆಯ ಗುಂಡಿಯನ್ನೇ ಹಾಕುವುದಕ್ಕೆ ಕಾರಣ ವೆಚ್ಚ. ತಿರುಗಿಸುವ ನಾಬಿಗೆ ಪ್ರತ್ಯೇಕ ಬಿಡಿಭಾಗ ಬೇಕು, ಗಾಜಿಗೆ ಅಥವಾ ಚೌಕಟ್ಟಿಗೆ ರಂಧ್ರ ಬೇಕು, ಆ ರಂಧ್ರದಿಂದ ನೀರು ಒಳಗಿಳಿಯದಂತೆ ಬಂದೋಬಸ್ತು ಬೇಕು. ತಾಮ್ರದ ತುಣುಕಿಗೆ ಇದಾವುದೂ ಬೇಡ, ಸವೆಯುವ ಭಾಗವೂ ಇಲ್ಲ. ಒರೆಸಲು ಸುಲಭ ಎಂಬ ಒಂದು ನಿಜವಾದ ಲಾಭವಿರುವುದನ್ನೂ ಒಪ್ಪಬೇಕು.

ಕರೆಂಟು ಹೋಗಿ ಬಂದಾಗ ತಾನಾಗಿ ಹೊತ್ತಿಕೊಳ್ಳದಿರುವುದು ಬೇಕೆಂದೇ ಮಾಡಿದ ವ್ಯವಸ್ಥೆ. ಕರೆಂಟು ಹೋಯಿತೆಂದು ಒಲೆಯನ್ನು ಮರೆತು ತೋಟಕ್ಕೆ ಹೋದವರ ಮನೆಯಲ್ಲಿ, ನೀರಿಂಗಿದ ಪಾತ್ರೆಯ ಕೆಳಗೆ ಒಲೆ ತಾನಾಗಿ ಕಾಯತೊಡಗಿದರೆ ಏನಾದೀತೆಂದು ಊಹಿಸಿಕೊಳ್ಳಿ. ಆದ್ದರಿಂದ ನಿಂತಿರುವುದು ಸರಿ. ಹಿಂದಿನ ಉರಿಯ ಮಟ್ಟವನ್ನು ಮರೆಯುವುದಕ್ಕೆ ಮಾತ್ರ ಯಾವ ಸಮರ್ಥನೆಯೂ ಇಲ್ಲ. ಆ ಅಂಕಿಯನ್ನು ನೆನಪಿಟ್ಟುಕೊಂಡು, ಕರೆಂಟು ಬಂದಾಗ ಪರದೆಯ ಮೇಲೆ ಮಿನುಗಿಸುತ್ತ, ಒಂದೇ ಒತ್ತಿಗೆ ಮುಂದುವರಿಯುವಂತೆ ಮಾಡುವುದು ಒಳಗಿರುವ ಎಲೆಕ್ಟ್ರಾನಿಕ್ ಚಿಪ್ಪಿಗೆ ದೊಡ್ಡ ಕೆಲಸವೇನಲ್ಲ. ಪದೇ ಪದೇ ಕರೆಂಟು ಹೋಗುವ ಊರುಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಮಾಡಿದ ವಿನ್ಯಾಸ ಇದು.

ಹಳೆಯ ಬಗೆಯ ವಿದ್ಯುತ್ ರೈಸ್ ಕುಕ್ಕರನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಅದರ ಪಾತ್ರೆಯ ತಳಕ್ಕೆ ತಾಗುವಂತೆ ಸ್ಪ್ರಿಂಗ್ ಇರುವ ಒಂದು ಅಯಸ್ಕಾಂತದ ಜೋಡಣೆ ಇರುತ್ತದೆ. ನೀರಿರುವವರೆಗೆ ತಳದ ಬಿಸಿ ಕುದಿಬಿಂದುವಿನ ಆಸುಪಾಸಿನಲ್ಲೇ ಇರುತ್ತದೆ, ನೀರು ಇಂಗಿದೊಡನೆ ಬಿಸಿ ಏರುತ್ತದೆ, ಆಗ ಅಲ್ಲಿನ ವಿಶೇಷ ಲೋಹ ಅಯಸ್ಕಾಂತಕ್ಕೆ ಅಂಟಿಕೊಳ್ಳುವ ಗುಣವನ್ನು ಕಳೆದುಕೊಂಡು ಗುಂಡಿ ಟಕ್ಕೆಂದು ಮೇಲೇಳುತ್ತದೆ. ನಡುವೆ ಕರೆಂಟು ಹೋದರೂ ಗುಂಡಿ ಕೆಳಗೇ ಇರುತ್ತದೆ, ಬಂದ ಮೇಲೆ ಬೇಯುವುದು ಮುಂದುವರಿಯುತ್ತದೆ, ಅನ್ನವಾದ ಮೇಲೆ ತಾನಾಗಿ ನಿಲ್ಲುತ್ತದೆ. ಜಪಾನಿನ ತೋಷಿಬಾ ಕಂಪನಿ 1955ರಲ್ಲಿ ತಾನಾಗಿ ಆರುವ ರೈಸ್ ಕುಕ್ಕರನ್ನು ಮಾರುಕಟ್ಟೆಗೆ ತಂದಿತು, ಅಂದಿನಿಂದ ಈ ಯಂತ್ರ ಚಿಪ್ಪಿಲ್ಲದೆಯೇ ಕೆಲಸ ಮಾಡಿಕೊಂಡು ಬಂದಿದೆ. ಅದೇ ಕುಕ್ಕರಿನ ಈಗಿನ ಪರದೆ, ಟೈಮರ್ ಇರುವ ಮಾದರಿಗಳಲ್ಲಿ ಕೆಲವು ಕರೆಂಟು ಹೋದೊಡನೆ ಇಂಡಕ್ಷನ್ ಒಲೆಯಂತೆಯೇ ಎಲ್ಲವನ್ನೂ ಮರೆಯುತ್ತವೆ. ತಮ್ಮ ಊರಿಗೆ ಯಾವುದು ಹೊಂದುತ್ತದೆ ಎಂಬುದನ್ನು ಬೇರೆ ಹೇಳಬೇಕೆ?

ಮಿಕ್ಸಿಯ ಕಪ್ಲರ್ ವಿಷಯದಲ್ಲಿ ಕಂಪನಿಯ ಪರವಾಗಿ ಮಾತಾಡಬೇಕಾಗಿದೆ. ಅದು ಮುರಿಯಲೆಂದೇ ಇರುವ ಭಾಗ. ಜಾರಿನೊಳಗೆ ಬ್ಲೇಡು ಸಿಕ್ಕಿಕೊಂಡಾಗ ಏನಾದರೂ ಒಂದು ಸೋಲಲೇಬೇಕು. ಕಡಿಮೆ ಬೆಲೆಯ ಕಪ್ಲರ್ ಸೋತರೆ ಮೋಟಾರಿನ ಸುರುಳಿ ಉಳಿಯುತ್ತದೆ. ಮಿಕ್ಸಿಯ ತಳದಲ್ಲಿರುವ ಕೆಂಪು ಗುಂಡಿಯ ಕೆಲಸವೂ ಇಂಥದ್ದೇ: ಮೋಟಾರಿನ ಮೇಲೆ ಹೊರೆ ಹೆಚ್ಚಾದಾಗ ಅದು ಹೊರಕ್ಕೆ ಜಿಗಿದು ಕರೆಂಟನ್ನು ಕಡಿಯುತ್ತದೆ, ಮಿಕ್ಸಿ ಆರಿದ ಮೇಲೆ ಒತ್ತಿದರೆ ಮತ್ತೆ ಓಡುತ್ತದೆ. ಮಿಕ್ಸಿ ಸುಟ್ಟುಹೋಯಿತೆಂದು ನಮ್ಮಲ್ಲಿಗೆ ತರುವವರಲ್ಲಿ ಎಷ್ಟೋ ಮಂದಿಗೆ ಆ ಗುಂಡಿ ಇರುವುದೇ ತಿಳಿದಿರುವುದಿಲ್ಲ. ಅಷ್ಟು ಮುಖ್ಯವಾದದ್ದನ್ನು ಯಂತ್ರವನ್ನು ಮಗುಚಿದರೆ ಮಾತ್ರ ಕಾಣುವ ಜಾಗದಲ್ಲಿ ಇಟ್ಟಿರುವುದು ಬೇರೆಯೇ ದೋಷ. ಕಪ್ಲರಿನ ಅಳತೆಯನ್ನು ಒಂದೊಂದು ಕಂಪನಿ ಒಂದೊಂದು ಬಗೆಯಲ್ಲಿ ಮಾಡುವುದಕ್ಕೆ ಬಳಸುವವರ ಕಡೆಯಿಂದ ನೋಡಿದರೆ ಯಾವ ಕಾರಣವೂ ಇಲ್ಲ, ಮಾರುವವರ ಕಡೆಯಿಂದ ಇದೆ. ಹೊಸ ಮಿಕ್ಸಿ ಕೊಂಡ ದಿನವೇ ಒಂದೆರಡು ಹೆಚ್ಚುವರಿ ಕಪ್ಲರುಗಳನ್ನೂ ಜಾರಿನ ಮುಚ್ಚಳದ ರಬ್ಬರನ್ನೂ ಕೊಂಡಿಟ್ಟುಕೊಳ್ಳಿ.

ಕೊನೆಯದಾಗಿ ವೋಲ್ಟೇಜ್. ನಮ್ಮ ಯಂತ್ರಗಳು 230 ವೋಲ್ಟಿಗೆ ಮಾಡಿದವು. ಕಾಯಿಸುವ ಸುರುಳಿಯ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದರಿಂದ, ಲೈನಿನ ಕೊನೆಯ ಮನೆಯಲ್ಲಿ ಅದು 180ಕ್ಕೆ ಇಳಿದರೆ 1000 ವ್ಯಾಟಿನ ಸುರುಳಿ ಸುಮಾರು 610 ವ್ಯಾಟ್ ಮಾತ್ರ ಕೊಡುತ್ತದೆ. ಅನ್ನ ತಡವಾಗಿ ಆಗುತ್ತದೆ, ಆದರೆ ಆಗುತ್ತದೆ. ಇಂಡಕ್ಷನ್ ಒಲೆ ವೋಲ್ಟೇಜ್ ತೀರ ಇಳಿದಾಗ ಯಾವುದೋ ಒಂದು ಅಕ್ಷರ ಮತ್ತು ಅಂಕಿಯನ್ನು ತೋರಿಸಿ ನಿಂತುಬಿಡುತ್ತದೆ. ಆ ಸಂಕೇತದ ಅರ್ಥ ಕೈಪಿಡಿಯಲ್ಲಿರುತ್ತದೆ, ಕೈಪಿಡಿ ಎಲ್ಲಿರುತ್ತದೆ ಎಂಬುದನ್ನು ನಾನು ಕೇಳುವುದಿಲ್ಲ.

ಉತ್ತರ: ಮಡಿಕೇರಿ, ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ

ಗ್ಯಾಸ್ ನಾಬಿನ ಕ್ರಮ ತಲೆಕೆಳಗಾದದ್ದಲ್ಲ, ಬಹಳ ಯೋಚಿಸಿ ಮಾಡಿದ್ದು. ಸಣ್ಣ ಉರಿ ಆಫ್‌ನ ಪಕ್ಕದಲ್ಲೇ ಇದ್ದಿದ್ದರೆ, ಉರಿಯನ್ನು ಇನ್ನೂ ಸ್ವಲ್ಪ ತಗ್ಗಿಸಲು ಹೋದವರ ಕೈ ಸಣ್ಣ ಉರಿಗೂ ಪೂರ್ತಿ ಆಫ್‌ಗೂ ನಡುವಿನ ಜಾಗದಲ್ಲಿ ನಿಂತುಬಿಡುವ ಸಾಧ್ಯತೆಯಿತ್ತು. ಆ ಜಾಗದಲ್ಲಿ ಬರುವ ಅನಿಲ ಉರಿಯನ್ನು ಉಳಿಸಿಕೊಳ್ಳಲು ಸಾಲದು, ಕಿಟಕಿಯ ಗಾಳಿಗೆ ಉರಿ ಆರುತ್ತದೆ, ಅನಿಲ ಮಾತ್ರ ಸದ್ದಿಲ್ಲದೆ ಸೋರುತ್ತಿರುತ್ತದೆ. ಈಗಿನ ಕ್ರಮದಲ್ಲಿ ಸಿಮ್ ಎಂಬುದು ನಾಬಿನ ಕೊನೆಯ ತಡೆ. ಎಷ್ಟೇ ಬಲವಾಗಿ ತಿರುಗಿಸಿದರೂ ಅಲ್ಲಿಂದಾಚೆ ಹೋಗುವುದಿಲ್ಲ, ಅಲ್ಲಿ ಬರುವ ಅನಿಲದ ಪ್ರಮಾಣ ಮೊದಲೇ ನಿಗದಿಯಾಗಿರುತ್ತದೆ. ಹೊತ್ತಿಸುವಾಗ ಹೆಚ್ಚು ಅನಿಲವಿದ್ದರೆ ಲೈಟರಿನ ಕಿಡಿಗೆ ಬೇಗ ಹತ್ತಿಕೊಳ್ಳುತ್ತದೆ ಎಂಬುದು ಇದರ ಇನ್ನೊಂದು ಅನುಕೂಲ. ಆದ್ದರಿಂದ ಈ ಒಂದು ಕಿರಿಕಿರಿಯನ್ನು ತಾವು ಸಂತೋಷದಿಂದ ಸಹಿಸಿಕೊಳ್ಳಬಹುದು.

ಯಾವ ನಾಬ್ ಯಾವ ಬರ್ನರಿನದು ಎಂಬ ಗೊಂದಲಕ್ಕೆ ಮಾತ್ರ ತಮ್ಮ ಅಡುಗೆಯವರನ್ನು ದೂರಬೇಡಿ. ಬರ್ನರುಗಳು ಚೌಕದ ನಾಲ್ಕು ಮೂಲೆಗಳಲ್ಲಿವೆ, ನಾಬ್‌ಗಳು ಒಂದೇ ಸಾಲಿನಲ್ಲಿವೆ. ಎಡಗಡೆಯ ಎರಡು ನಾಬ್‌ಗಳಲ್ಲಿ ಹಿಂದಿನ ಬರ್ನರಿನದು ಯಾವುದು ಎಂಬುದನ್ನು ನೋಡಿ ತಿಳಿಯುವ ಉಪಾಯವೇ ಇಲ್ಲ, ಬಾಯಿಪಾಠ ಮಾಡಬೇಕು. ಅಮೆರಿಕದ ಆಲ್ಫಾನ್ಸ್ ಚಪಾನಿಸ್ ಮತ್ತು ಲಿಂಡೆನ್‌ಬಾಮ್ ಎಂಬ ಸಂಶೋಧಕರು 1959ರಲ್ಲಿಯೇ ನಾಲ್ಕು ಬರ್ನರಿನ ಒಲೆಯ ಮಾದರಿಗಳನ್ನಿಟ್ಟು ಇದನ್ನು ಪರೀಕ್ಷಿಸಿದ್ದರು. ಹಿಂದಿನ ಬರ್ನರುಗಳನ್ನು ಮುಂದಿನವುಗಳ ನೇರದಿಂದ ಸ್ವಲ್ಪ ಪಕ್ಕಕ್ಕೆ ಸರಿಸಿ, ಎಡದಿಂದ ಬಲಕ್ಕೆ ನಾಬ್‌ಗಳ ಕ್ರಮವೂ ಬರ್ನರುಗಳ ಕ್ರಮವೂ ಒಂದೇ ಆಗುವಂತೆ ಮಾಡಿದಾಗ ಪರೀಕ್ಷೆಗೆ ಕುಳಿತವರು ತಪ್ಪು ಮಾಡಲೇ ಇಲ್ಲ, ಚೌಕದ ಜೋಡಣೆಗಳಲ್ಲಿ ತಪ್ಪುಗಳಾದವು. ಅರವತ್ತು ವರ್ಷಗಳಿಗಿಂತ ಹಿಂದೆಯೇ ಉತ್ತರ ಸಿಕ್ಕ ಪ್ರಶ್ನೆಯೊಂದು ನಮ್ಮ ಅಡುಗೆಮನೆಗಳಲ್ಲಿ ಇನ್ನೂ ಬಗೆಹರಿಯದೆ ಉಳಿದಿದೆ ಎಂದರೆ ಅದಕ್ಕೆ ಕಾರಣ ಜ್ಞಾನದ ಕೊರತೆಯಲ್ಲ. ಬರ್ನರುಗಳನ್ನು ಸರಿಸಿ ಜೋಡಿಸಿದರೆ ಒಲೆ ಅಗಲವಾಗುತ್ತದೆ, ಅಗಲವಾದರೆ ಪೆಟ್ಟಿಗೆ ದೊಡ್ಡದಾಗುತ್ತದೆ, ಗಾಜು ಹೆಚ್ಚು ಬೇಕಾಗುತ್ತದೆ.

ಪಾತ್ರೆಗಳು ಒಂದಕ್ಕೊಂದು ತಾಗುವುದರ ಮೂಲವೂ ಇದೇ. ಎರಡು ಬರ್ನರಿಗೆ ಸಾಕಾಗುವಷ್ಟು ಜಾಗದಲ್ಲಿ ಮೂರು, ಮೂರಕ್ಕೆ ಸಾಕಾಗುವಲ್ಲಿ ನಾಲ್ಕು ಬರ್ನರುಗಳನ್ನು ತುರುಕುತ್ತಾರೆ. ಅಂಗಡಿಯಲ್ಲಿ ಬರ್ನರಿನ ಎಣಿಕೆ ಕಣ್ಣಿಗೆ ಬೀಳುತ್ತದೆ, ಅವುಗಳ ನಡುವಿನ ಅಂತರ ಬೀಳುವುದಿಲ್ಲ. ಹೊಸದನ್ನು ಕೊಳ್ಳುವಾಗ ತಮ್ಮಲ್ಲಿರುವ ಅತ್ಯಂತ ದೊಡ್ಡ ಪಾತ್ರೆಗಳೆರಡರ ಅಗಲವನ್ನು ಅಳೆದುಕೊಂಡು ಹೋಗಿ, ಎರಡರ ಅರ್ಧ ಅಗಲಗಳನ್ನು ಕೂಡಿಸಿದರೆ ಬರುವ ಅಳತೆಗಿಂತ ಬರ್ನರುಗಳ ನಡುಗಳ ಅಂತರ ಹೆಚ್ಚಿದೆಯೇ ಎಂದು ಟೇಪು ಹಿಡಿದು ನೋಡಿ. ಅಂಗಡಿಯವರು ನಕ್ಕರೆ ನಗಲಿ.

ತಾವು ಕೇಳದ ಒಂದು ವಿಷಯವನ್ನು ಸೇರಿಸುತ್ತೇನೆ. ಇಂಡಕ್ಷನ್ ಒಲೆಯ ಮೇಲೆ ಹಾಲು, ಅನ್ನ, ದೋಸೆ, ಇಡ್ಲಿ ಎಂದೆಲ್ಲ ಬರೆದ ಗುಂಡಿಗಳಿರುತ್ತವೆ. ಅವುಗಳನ್ನು ಒತ್ತಿದರೆ ಒಲೆಗೆ ಪಾತ್ರೆಯೊಳಗೆ ಏನಿದೆ ಎಂಬ ಅರಿವೇನೂ ಬರುವುದಿಲ್ಲ, ಮೊದಲೇ ಬರೆದಿಟ್ಟ ಉರಿ ಮತ್ತು ಸಮಯದ ಒಂದು ಪಟ್ಟಿಯನ್ನು ಅದು ಅನುಸರಿಸುತ್ತದೆ. ಬಿಸಿಯನ್ನು ಅಳೆಯುವ ಸಾಧನ ಗಾಜಿನ ಕೆಳಗಿರುವುದರಿಂದ ಅದಕ್ಕೆ ಪಾತ್ರೆಯ ತಳದ ಸುದ್ದಿ ತಡವಾಗಿ ಮುಟ್ಟುತ್ತದೆ. ಅದಲ್ಲದೆ ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು ಸುಮಾರು 96 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. ಕರಾವಳಿಯಲ್ಲಿ ಕುದಿಯುವುದು 100ಕ್ಕೆ. ತೆರೆದ ಪಾತ್ರೆಯಲ್ಲಿ ಬೇಳೆಯೋ ಮಾಂಸವೋ ಬೇಯಲು ಇಲ್ಲಿ ಹೆಚ್ಚು ಹೊತ್ತು ಬೇಕು, ಬಯಲು ಸೀಮೆಯಲ್ಲಿ ಗೊತ್ತುಮಾಡಿದ ಸಮಯ ಇಲ್ಲಿಗೆ ಸಾಲದು. ಪ್ರೆಶರ್ ಕುಕ್ಕರ್ ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಡುತ್ತದೆ. ಅದರ ಮುಚ್ಚಳದ ಮೇಲಿಡುವ ತೂಕ ಹೊರಗಿನ ಗಾಳಿಯ ಒತ್ತಡದ ಮೇಲೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಮಿನಷ್ಟು ಒತ್ತಡವನ್ನು ಸೇರಿಸುವುದರಿಂದ, ಕರಾವಳಿಯಲ್ಲಿ ಒಳಗಿನ ಬಿಸಿ 120 ಡಿಗ್ರಿಯಿದ್ದರೆ ಮಡಿಕೇರಿಯಲ್ಲಿ ಎರಡು ಡಿಗ್ರಿಯಷ್ಟೇ ಕಡಿಮೆ. ಕಡಂಬುಟ್ಟಿಗಂತೂ ಯಾವ ಒಲೆಯಲ್ಲೂ ಗುಂಡಿ ಇಲ್ಲ, ಇದ್ದಿದ್ದರೂ ನಾನು ನಂಬುತ್ತಿರಲಿಲ್ಲ. ಇಂಥ ಗುಂಡಿಗಳು ಹೆಚ್ಚಿದ್ದಷ್ಟೂ ಬೆಲೆ ಹೆಚ್ಚು, ಆದ್ದರಿಂದ ಅವು ಕಡಿಮೆ ಇರುವುದನ್ನೇ ಆರಿಸಿ.

ಉತ್ತರ: ಪೊನ್ನಂಪೇಟೆಯಿಂದ

ಮೇಲಿನ ಇಬ್ಬರು ಹಿರಿಯರೂ ಕಣ್ಣು ಚೆನ್ನಾಗಿ ಕಾಣುವವರ ದೃಷ್ಟಿಯಿಂದ ಬರೆದಿದ್ದಾರೆ. ನಮ್ಮ ತಾಯಿಗೆ ದೃಷ್ಟಿ ಬಹಳ ಮಂದವಾಗಿದೆ, ಆದರೂ ಅಡುಗೆಯನ್ನು ಬೇರೆಯವರ ಕೈಗೆ ಬಿಡಲು ಅವರಿಗೆ ಮನಸ್ಸಿಲ್ಲ. ನಾಬ್ ಇರುವ ಒಲೆಯಲ್ಲಿ ಅವರು ಬೆರಳಿನಿಂದಲೇ ಎಲ್ಲವನ್ನೂ ತಿಳಿಯುತ್ತಾರೆ: ನಾಬಿನ ಏಣು ಯಾವ ಕಡೆಗಿದೆ ಎಂಬುದರಿಂದ ಉರಿ ಎಷ್ಟಿದೆ ಎಂದು ಹೇಳುತ್ತಾರೆ. ಗಾಜಿನ ಮೇಲೆ ಬೆರಳಾಡಿಸಿದರೆ ತಿಳಿಯುವುದು ಏನೂ ಇಲ್ಲ, ತಿಳಿಯಲೆಂದು ಬೆರಳಾಡಿಸಿದರೆ ಅದೇ ಒಂದು ಆಜ್ಞೆಯಾಗಿ ಒಲೆ ಏನನ್ನೋ ಮಾಡಿಬಿಡುತ್ತದೆ. ಹೆಚ್ಚಿಸಿದರೂ ಒಂದೇ ಕೀ, ತಗ್ಗಿಸಿದರೂ ಅದೇ ಕೀ, ಆರಿಸಿದರೂ ಅದೇ ಕೀ. ಸದ್ದಿನಲ್ಲಾದರೂ ವ್ಯತ್ಯಾಸವಿದ್ದಿದ್ದರೆ ಕಿವಿಯಿಂದ ತಿಳಿಯಬಹುದಿತ್ತು.

ಈಗಿನ ನಾಬ್‌ಗಳೂ ಹಾಳಾಗುತ್ತ ಬಂದಿವೆ ಎಂಬುದನ್ನು ಇಲ್ಲಿ ಹೇಳಲೇಬೇಕು. ಕೆಲವು ಹೊಸ ಒಲೆಗಳ ನಾಬ್ ನುಣುಪಾದ ದುಂಡನೆಯ ಬಿಲ್ಲೆಯಾಗಿದೆ, ಎತ್ತ ತಿರುಗಿದೆ ಎಂದು ತೋರಿಸುವುದು ಅದರ ಮೇಲೆ ಬಣ್ಣದಿಂದ ಬರೆದ ಒಂದು ಗೆರೆ ಮಾತ್ರ. ಜಿಡ್ಡು ಹೋಗಲೆಂದು ಸ್ಕ್ರಬ್ಬರಿನಿಂದ ತಿಕ್ಕುತ್ತ ಬಂದರೆ ಆ ಗೆರೆ ಅಳಿಸಿಹೋಗುತ್ತದೆ, ಆಮೇಲೆ ಕಣ್ಣಿದ್ದವರಿಗೂ ಕಣ್ಣಿಲ್ಲ. ನಡುವೆ ಏಣು ಎದ್ದಿರುವ, ಗೆರೆಯನ್ನು ಕೊರೆದಿರುವ ನಾಬ್ ಇದೆಯೇ ಎಂದು ಕೊಳ್ಳುವಾಗ ಮುಟ್ಟಿ ನೋಡಿ.

ನಾವು ಮಾಡಿಕೊಂಡಿರುವ ಏರ್ಪಾಡು ಸರಳವಾದದ್ದು. ಕಪಾಟಿನ ಬಾಗಿಲು ಬಡಿಯದಂತೆ ಅಂಟಿಸುವ ಸಣ್ಣ ಸಿಲಿಕೋನ್ ಬೊಟ್ಟುಗಳು ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತವೆ. ಮೈಕ್ರೋವೇವಿನ ಆನ್ ಗುಂಡಿಗೆ ಒಂದು, ಮೂವತ್ತು ಸೆಕೆಂಡ್ ಹೆಚ್ಚಿಸುವ ಗುಂಡಿಗೆ ಎರಡು ಬೊಟ್ಟುಗಳನ್ನು ಅಂಟಿಸಿದ್ದೇವೆ. ಇಂಡಕ್ಷನ್ ಗಾಜಿನ ಮೇಲೆ ಗುಂಡಿಯ ಚಿತ್ರದ ಮೇಲೆಯೇ ಅಂಟಿಸಿದರೆ ಸ್ಪರ್ಶ ತಲುಪುವುದಿಲ್ಲ, ಚಿತ್ರದ ಪಕ್ಕದಲ್ಲಿ ಅಂಟಿಸಿ, ಬೊಟ್ಟಿನಿಂದ ಬೆರಳನ್ನು ಬಲಕ್ಕೆ ಜಾರಿಸಿದರೆ ಆನ್ ಎಂದು ಹೇಳಿಕೊಟ್ಟೆವು. ಅಷ್ಟರಮಟ್ಟಿಗೆ ನಡೆಯುತ್ತಿದೆ. ತಮ್ಮ ಹೋಂಸ್ಟೇಯಲ್ಲಿ ಅಡುಗೆಯವರು ಬದಲಾಗುತ್ತಿದ್ದರೆ ನಾಬ್‌ಗಳಿಗೂ ಬರ್ನರುಗಳಿಗೂ ಒಂದೇ ಬಣ್ಣದ ಗುರುತುಗಳನ್ನು ಹಚ್ಚಿಡುವುದು ಉಪಯೋಗಕ್ಕೆ ಬಂದೀತು.

ಉತ್ತರ: ಸೋಮವಾರಪೇಟೆ ತೋಟದ ಮನೆ

ನನ್ನದು ಸ್ವಲ್ಪ ಭಿನ್ನಮತ. ಎಲ್ಲವನ್ನೂ ತಯಾರಿಸುವವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಸ್ಟೀಲಿನ ಎರಡು ಬರ್ನರಿನ ಒಲೆ, ಏಣು ಇರುವ ನಾಬ್, ಅಗಲವಾದ ಅಂತರ, ಇವೆಲ್ಲ ಇಂದಿಗೂ ಮಾರುಕಟ್ಟೆಯಲ್ಲಿವೆ, ಬೆಲೆಯೂ ಕಡಿಮೆ. ಮನೆಗೆ ಬಂದವರ ಕಣ್ಣಿಗೆ ಚೆನ್ನಾಗಿ ಕಾಣಲೆಂದು ನಾವೇ ಕಪ್ಪು ಗಾಜಿನದನ್ನು ಆರಿಸುತ್ತೇವೆ, ಆಮೇಲೆ ಕಾದ ಗಾಜಿನ ಮೇಲೆ ತಣ್ಣೀರು ಬಿದ್ದು ಒಡೆದರೆ ವಿನ್ಯಾಸವನ್ನು ಬೈಯುತ್ತೇವೆ. ಮಾರಾಟವಾಗುವುದನ್ನು ಅವರು ಮಾಡುತ್ತಾರೆ.

ಹೋಂಸ್ಟೇಗೆ ಮನೆಬಳಕೆಯ ಇಂಡಕ್ಷನ್ ಏಕೆ? ಹೋಟೆಲ್ ಸಾಮಾನು ಮಾರುವ ಮೈಸೂರಿನ ಅಂಗಡಿಗಳಲ್ಲಿ ಲೋಹದ ಮೈಯ, ತಿರುಗಿಸುವ ನಾಬ್ ಇರುವ ಇಂಡಕ್ಷನ್ ಒಲೆಗಳು ದೊರೆಯುತ್ತವೆ. ಒದ್ದೆ ಕೈಯ ಪ್ರಶ್ನೆ ಅಲ್ಲಿಗೆ ಮುಗಿಯುತ್ತದೆ. ಒಂದು ಎಚ್ಚರಿಕೆ: ಅವುಗಳಲ್ಲಿ ಹಲವು 3500 ವ್ಯಾಟಿನವು, ಅಂದರೆ 230 ವೋಲ್ಟಿನಲ್ಲಿ 15 ಆಂಪಿಯರಿಗಿಂತ ಸ್ವಲ್ಪ ಹೆಚ್ಚು ಕರೆಂಟನ್ನು ಎಳೆಯುತ್ತವೆ. ಹಳೆಯ ಮನೆಯ ಅಡುಗೆಕಟ್ಟೆಯ ಪ್ಲಗ್ಗಿಗೆ ಸಿಕ್ಕಿಸುವಂಥವಲ್ಲ, ಮೀಟರ್ ಬೋರ್ಡಿನಿಂದ ಪ್ರತ್ಯೇಕ ವೈರ್ ಎಳೆಸಬೇಕು. ಮನೆಬಳಕೆಯ 2000 ವ್ಯಾಟಿನ ಒಲೆಯೇ ಸುಮಾರು 8.7 ಆಂಪಿಯರ್ ತೆಗೆದುಕೊಳ್ಳುವುದರಿಂದ ಅದಕ್ಕೂ ದಪ್ಪ ಪಿನ್ನಿನ 16 ಆಂಪಿಯರ್ ಪಾಯಿಂಟೇ ಬೇಕು. ಸಣ್ಣ ಪ್ಲಗ್ಗಿಗೆ ಹೊಂದದ ದೊಡ್ಡ ಪಿನ್ನನ್ನು ನೋಡಿ ಸಿಟ್ಟಾಗಿ ಅಡಾಪ್ಟರ್ ಹಾಕುವವರಿದ್ದಾರೆ, ದಯವಿಟ್ಟು ಆ ಕೆಲಸ ಮಾಡಬೇಡಿ.

ಬಿಡಿಭಾಗಗಳ ವಿಷಯದಲ್ಲಿ ಮಾತ್ರ ಕುಶಾಲನಗರದವರ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ದುರಸ್ತಿಯ ಹಕ್ಕಿನ ಕುರಿತು ಒಂದು ಸಮಿತಿಯನ್ನು ರಚಿಸಿತು, ಅದೇ ವರ್ಷದ ಡಿಸೆಂಬರಿನಲ್ಲಿ ಆ ಹೆಸರಿನ ಜಾಲತಾಣವೂ ಆರಂಭವಾಯಿತು. ಮನೆಬಳಕೆಯ ಯಂತ್ರಗಳೂ ಅದರ ವ್ಯಾಪ್ತಿಯಲ್ಲಿವೆ. ವಾರಂಟಿ, ಬಿಡಿಭಾಗ, ದುರಸ್ತಿ ಕೇಂದ್ರಗಳ ವಿವರಗಳನ್ನು ಕಂಪನಿಗಳು ಅಲ್ಲಿ ನೀಡುತ್ತವೆ. ಸೇವೆಯ ವಿಷಯದಲ್ಲಿ ಮೋಸವಾದರೆ 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಬಹುದು. ಹಾಗೆಂದು ಕಪ್ಲರಿನ ಅಳತೆ ಎಲ್ಲ ಕಂಪನಿಗಳಲ್ಲೂ ಒಂದೇ ಆಗಬೇಕೆಂಬ ನಿಯಮ ಅದರಿಂದ ಬಂದಿಲ್ಲ.

ಮರುಪ್ರಶ್ನೆ: ನಾಪೋಕ್ಲು ಹೋಂಸ್ಟೇ

ಎಲ್ಲರಿಗೂ ವಂದನೆಗಳು. ಸಿಮ್ ವಿಷಯದ ವಿವರಣೆ ಓದಿದ ಮೇಲೆ ನಾಬಿನ ಮೇಲಿದ್ದ ಸಿಟ್ಟು ಹೋಯಿತು. ಸೋಮವಾರಪೇಟೆಯವರು ಹೇಳಿದ ನಾಬಿನ ಇಂಡಕ್ಷನ್ ಒಲೆಯನ್ನು ನೋಡಿ ಬರುತ್ತೇವೆ, ವೈರಿಂಗ್ ಮಾಡುವವರಿಗೆ ಮೊದಲು ಹೇಳಿ ಆಮೇಲೆ ಕೊಳ್ಳುತ್ತೇವೆ. ಗಾಜಿನ ಒಲೆ ಕಣ್ಣಿಗೆ ಚೆಂದ ಎಂಬ ಮಾತು ಮಾತ್ರ ನಮಗೆ ಅನ್ವಯಿಸುವುದಿಲ್ಲ, ಅದನ್ನು ಕೊಟ್ಟವರು ನೆಂಟರು. ಇನ್ನೊಂದೇ ಪ್ರಶ್ನೆ: ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮ ಫ್ರಿಜ್ಜಿನ ಬಾಗಿಲಿನ ರಬ್ಬರಿನ ಮಡಿಕೆಗಳಲ್ಲಿ ಕಪ್ಪು ಬೂಷ್ಟು ಕಟ್ಟುತ್ತದೆ. ಎಷ್ಟು ಒರೆಸಿದರೂ ಒಳಮಡಿಕೆಗೆ ಬಟ್ಟೆ ಹೋಗುವುದಿಲ್ಲ. ಅಷ್ಟು ಮಡಿಕೆಗಳು ಇರಲೇಬೇಕೆ? ಕರೆಂಟು ಬಂದ ಮೇಲೂ ಸ್ಟೆಬಿಲೈಸರ್ ಕೆಲವು ನಿಮಿಷ ಸುಮ್ಮನಿರುತ್ತದೆ, ಅದು ಕೆಟ್ಟಿದೆಯೇ?

ಉತ್ತರ: ಕುಶಾಲನಗರ ರಿಪೇರಿ

ಸ್ಟೆಬಿಲೈಸರ್ ಕೆಟ್ಟಿಲ್ಲ. ಕಂಪ್ರೆಸರ್ ನಿಂತ ತಕ್ಷಣ ಅದರ ಒಂದು ಬದಿಯಲ್ಲಿ ಅನಿಲದ ಒತ್ತಡ ಹೆಚ್ಚಾಗಿಯೂ ಇನ್ನೊಂದು ಬದಿಯಲ್ಲಿ ಕಡಿಮೆಯಾಗಿಯೂ ಇರುತ್ತದೆ. ಅದು ಸಮನಾಗುವ ಮೊದಲೇ ಮೋಟಾರನ್ನು ಎಬ್ಬಿಸಿದರೆ ಅದಕ್ಕೆ ತಿರುಗಲಾಗದೆ ಸುರುಳಿ ಕಾಯುತ್ತದೆ. ಆದ್ದರಿಂದ ಸ್ಟೆಬಿಲೈಸರ್ ಸುಮಾರು ಮೂರು ನಿಮಿಷ ತಡೆದು ಕರೆಂಟನ್ನು ಬಿಡುತ್ತದೆ. ಈ ತಡವನ್ನು ತಪ್ಪಿಸಲೆಂದು ನೇರವಾಗಿ ಪ್ಲಗ್ಗಿಗೆ ಹಾಕಬೇಡಿ.

ರಬ್ಬರಿನ ಮಡಿಕೆಗಳು ಇರಬೇಕು. ರಬ್ಬರಿನೊಳಗೆ ಅಯಸ್ಕಾಂತದ ಪಟ್ಟಿಯಿದೆ, ಅದು ಬಾಗಿಲಿನ ಚೌಕಟ್ಟಿಗೆ ಅಂಟಿಕೊಳ್ಳಲು ರಬ್ಬರು ಹಿಗ್ಗಿ ಕುಗ್ಗಬೇಕು, ಮಡಿಕೆಗಳಲ್ಲಿ ನಿಂತ ಗಾಳಿಯೂ ತಂಪನ್ನು ಒಳಗೇ ಉಳಿಸುತ್ತದೆ. ನಮ್ಮ ಮಳೆಗಾಲದ ತೇವದ ಗಾಳಿ ತಣ್ಣನೆಯ ಅಂಚಿಗೆ ತಾಗಿ ನೀರಾಗುತ್ತದೆ, ಆ ನೀರು ಮಡಿಕೆಯಲ್ಲಿ ನಿಲ್ಲುತ್ತದೆ, ಬೂಷ್ಟಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ. ನೋಡಬೇಕಾದದ್ದು ರಬ್ಬರನ್ನು ಕಳಚಲು ಬರುತ್ತದೆಯೇ ಎಂಬುದನ್ನು. ಬಾಗಿಲಿನ ಸಂದಿಗೆ ಒತ್ತಿ ಕೂರಿಸಿದ ರಬ್ಬರಾದರೆ ಮೂಲೆಯಿಂದ ನಿಧಾನವಾಗಿ ಎಳೆದು ತೆಗೆದು, ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಪೂರ್ತಿ ಒಣಗಿಸಿ ಮತ್ತೆ ಕೂರಿಸಬಹುದು. ಅಂಟಿಸಿದ ಅಥವಾ ತಿರುಪು ಹಾಕಿದ ಮಾದರಿಯಾದರೆ ಕಳಚಲು ಹೋಗಬೇಡಿ, ಕಡ್ಡಿಗೆ ಬಟ್ಟೆ ಸುತ್ತಿ ಒರೆಸುವುದೇ ದಾರಿ. ಮತ್ತೆ ಕೂರಿಸಿದ ಮೇಲೆ ಒಂದು ಕಾಗದವನ್ನು ಬಾಗಿಲಿನ ನಡುವೆ ಇಟ್ಟು ಮುಚ್ಚಿ ಎಳೆದು ನೋಡಿ. ಬಿಗಿಯಾಗಿ ಬಂದರೆ ಸರಿ, ಸಲೀಸಾಗಿ ಬಂದರೆ ಆ ಜಾಗದಲ್ಲಿ ರಬ್ಬರು ಅಂಟುತ್ತಿಲ್ಲ. ನಾಲ್ಕೂ ಬದಿಗಳಲ್ಲಿ ಹೀಗೆ ಪರೀಕ್ಷಿಸಿ, ಕೀಲಿನ ಬದಿಯನ್ನು ಬಿಡಬೇಡಿ.